ರಷ್ಯನ್ ‘ಎನ್’ ಅನ್ನು ‘ಎಚ್’ ಎಂದು ಓದಬೇಡಿ: ರಜಪೂತ್ ವರ್ಗದ ಯುದ್ಧನೌಕೆಗಳ ಬಿಡಿಭಾಗ ಕುರಿತು ಓದುಗರ ಪ್ರಶ್ನೆಗಳು

ನಮ್ಮ ನೌಕಾಪಡೆಯ ರಜಪೂತ್ ವರ್ಗದ ಡೆಸ್ಟ್ರಾಯರ್‌ಗಳ ರಿಪೇರಿ, ಬಿಡಿಭಾಗ, ಸೇವಾವಧಿ ಕುರಿತು ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕಡಲಿಲ್ಲದ ಬೆಂಗಳೂರಿನಿಂದ ಇಷ್ಟು ಪತ್ರ ಬಂದದ್ದು ಸಂತೋಷ. ಹೆಚ್ಚಿನವು ಪೀಣ್ಯ, ರಾಜಾಜಿನಗರದ ವರ್ಕ್‌ಶಾಪ್‌ಗಳಿಂದ ಬಂದಿರುವುದರಿಂದ ಉತ್ತರಗಳೂ ಅತ್ತ ಕಡೆಗೇ ವಾಲಿವೆ.

ಬಸವನಗುಡಿಯಿಂದ ಒಬ್ಬ ನಿವೃತ್ತ ಶಿಕ್ಷಕರು: ರಜಪೂತ್ ವರ್ಗದಲ್ಲಿ ಎಷ್ಟು ಹಡಗು? ಎಲ್ಲಿ ಕಟ್ಟಿದ್ದು? ಎಲ್ಲವೂ ಒಂದೇ ವರ್ಗ ಅಂದಮೇಲೆ ಒಂದರ ಬಿಡಿಭಾಗ ಇನ್ನೊಂದಕ್ಕೆ ಆಗಲೇಬೇಕಲ್ಲವೇ?

ಐದು ಹಡಗು: ರಜಪೂತ್ (1980), ರಾಣಾ (1982), ರಂಜಿತ್ (1983), ರಣವೀರ್ (1986), ರಣವಿಜಯ್ (1987). ಐದನ್ನೂ ಕಟ್ಟಿದ್ದು ಆಗಿನ ಸೋವಿಯತ್ ಒಕ್ಕೂಟದ ನಿಕೊಲಾಯೆವ್‌ನಲ್ಲಿ. ಈಗ ಅದು ಉಕ್ರೇನಿನ ಮಿಕೊಲಾಯಿವ್. ಸೋವಿಯತ್ ನೌಕಾಪಡೆಯ 61ನೇ ಪ್ರಾಜೆಕ್ಟ್ ಹಡಗನ್ನೇ ನಮಗಾಗಿ ತಿದ್ದಿ ಕೊಟ್ಟರು. ಹಿಂಭಾಗದ 76 ಮಿ.ಮೀ. ತೋಪು ತೆಗೆದು ಆ ಜಾಗದಲ್ಲಿ ಹೆಲಿಕಾಪ್ಟರ್ ಇಡಲು ಹ್ಯಾಂಗರ್ ಮಾಡಿದ್ದು ಅದರಲ್ಲಿ ಮುಖ್ಯ ಬದಲಾವಣೆ. ಉದ್ದ ಸುಮಾರು 147 ಮೀಟರ್, ಪೂರ್ತಿ ಹೊರೆ ತುಂಬಿದಾಗ ತೂಕ ಸುಮಾರು 5,000 ಟನ್, ಗರಿಷ್ಠ ವೇಗ 35 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ). ರಂಜಿತ್ 2019ರ ಮೇ 6ರಂದು, ರಜಪೂತ್ 2021ರ ಮೇ 21ರಂದು ವಿಶಾಖಪಟ್ಟಣದಲ್ಲಿ ಸೇವೆಯಿಂದ ಬಿಡುಗಡೆಯಾದವು. ರಜಪೂತ್‌ಗೆ ಹಡಗುಕಟ್ಟೆಯಲ್ಲಿದ್ದಾಗ ‘ನಾದೆಝ್ನಿ’ ಎಂಬ ರಷ್ಯನ್ ಹೆಸರಿತ್ತು. ನಂಬಿಕಸ್ಥ ಎಂದು ಅರ್ಥ. 41 ವರ್ಷ ದುಡಿದ ಹಡಗಿಗೆ ಒಪ್ಪುವ ಹೆಸರು.

ಇನ್ನು ಒಂದರ ಭಾಗ ಇನ್ನೊಂದಕ್ಕೆ ಆಗುತ್ತದೆಯೇ ಎಂಬ ಮಾತು. ಹಡಗಿನ ಒಡಲು, ಶಾಫ್ಟ್, ಪಂಪು, ವಾಲ್ವುಗಳ ಮಟ್ಟಿಗೆ ಬಹುಪಾಲು ಹೌದು. ಆಯುಧ, ರೇಡಾರ್, ವೈರಿಂಗ್ ವಿಷಯದಲ್ಲಿ ಹಾಗೆ ಹೇಳಲಾಗದು. ಮೊದಲ ಮೂರು ಹಡಗುಗಳಿಗೆ ಎಕೆ-230 ತೋಪು ಬಂತು, ಕೊನೆಯ ಎರಡಕ್ಕೆ ಎಕೆ-630. ಎರಡೂ 30 ಮಿ.ಮೀ. ತೋಪುಗಳೇ. ಆದರೆ 230ಕ್ಕೆ ಎರಡು ನಳಿಕೆ, 630ಕ್ಕೆ ಆರು ನಳಿಕೆ ಗುಂಪಾಗಿ ತಿರುಗುತ್ತವೆ. ಮೊದಲನೆಯದರ ತೋಟಾ 30×210, ಎರಡನೆಯದರದು 30×165. ಮದ್ದುಗುಂಡೇ ಬೇರೆ ಅಂದಮೇಲೆ ಸ್ಪ್ರಿಂಗ್, ಪಿನ್, ಫೀಡ್ ಭಾಗಗಳ ಮಾತೇ ಬೇಡ. ಆಮೇಲೆ ನವೀಕರಣಗಳು ಬಂದವು. 2003ರಲ್ಲಿ ರಜಪೂತ್‌ನಿಂದ ಬ್ರಹ್ಮೋಸ್ ಕ್ಷಿಪಣಿ ಹಾರಿತು. ಅಲ್ಲಿ ಅದು ಓರೆಯಾಗಿ ಕೂತ ಪೆಟ್ಟಿಗೆಯಿಂದ ಹೊರಡುತ್ತಿತ್ತು. 2008ರ ಡಿಸೆಂಬರ್‌ನಲ್ಲಿ ರಣವೀರ್‌ನಿಂದ ಹಾರಿದ ಬ್ರಹ್ಮೋಸ್ ನೆಟ್ಟಗೆ ಮೇಲಕ್ಕೆದ್ದಿತು. ಅಲ್ಲಿ ಲಾಂಚರ್ ಡೆಕ್ಕಿನೊಳಗೇ ಇದೆ. ಹೀಗೆ ಒಂದೊಂದು ರಿಫಿಟ್ (ಹಡಗುಕಟ್ಟೆಯಲ್ಲಿ ನಡೆಯುವ ದೊಡ್ಡ ರಿಪೇರಿ-ನವೀಕರಣ) ಮುಗಿದಾಗಲೂ ಅಣ್ಣತಮ್ಮಂದಿರು ಒಂದಿಷ್ಟು ದೂರವಾದರು. ಆದ್ದರಿಂದಲೇ ಬಿಡಿಭಾಗದ ಆರ್ಡರ್‌ನಲ್ಲಿ ವರ್ಗದ ಹೆಸರು ಸಾಲದು. ಹಡಗಿನ ಹೆಸರು, ಉಪಕರಣದ ಮಾದರಿ, ಅದರ ಸೀರಿಯಲ್ ನಂಬರ್ ಮೂರೂ ಇರಬೇಕು.

ಪೀಣ್ಯ ಎರಡನೇ ಹಂತದಿಂದ ಲೇತ್ ವರ್ಕ್‌ಶಾಪ್ ಮಾಲೀಕರು: ರಷ್ಯನ್ ಮೂಲದ ಹಡಗಿನ ಗೇರ್ ಶಾಫ್ಟ್, ಸ್ಲೀವ್, ಸೀಲ್ ಮಾಡಿಕೊಡುವ ಕೆಲಸ ಸಿಕ್ಕಿದೆ. ಡ್ರಾಯಿಂಗ್ ರಷ್ಯನ್ ಭಾಷೆಯಲ್ಲಿದೆ. ಅಂಕಿಗಳು ಅರ್ಥವಾಗುತ್ತವೆ, ಉಳಿದದ್ದನ್ನು ಅಂದಾಜಿನ ಮೇಲೆ ಮಾಡಬಹುದೇ?

ಬೇಡ. ಅಂದಾಜು ಮಾಡಿದ ಕಡೆಯೇ ಮಾಲು ವಾಪಸು ಬರುತ್ತದೆ. ಸ್ವಲ್ಪ ಉದ್ದವಾದರೂ ಒಂದೊಂದಾಗಿ ಹೇಳುತ್ತೇವೆ.

ಮೊದಲು ಫಿಟ್, ಅಂದರೆ ತೂತಿನೊಳಗೆ ಶಾಫ್ಟ್ ಎಷ್ಟು ಬಿಗಿಯಾಗಿ ಕೂರಬೇಕು ಎಂಬುದು. 1970ರ ದಶಕದ ಕೊನೆಗೆ ಸೋವಿಯತ್ ಕಾರ್ಖಾನೆಗಳು ಅಂತರರಾಷ್ಟ್ರೀಯ ಪದ್ಧತಿಗೆ ಬದಲಾದವು. ಈ ಹಡಗುಗಳ ವಿನ್ಯಾಸ ಅದಕ್ಕೂ ಹಿಂದಿನದು, ಹಾಗಾಗಿ ಹಳೇ ಗುರುತುಗಳಿರುವ ಡ್ರಾಯಿಂಗ್ ಕೈಗೆ ಬರುವುದು ಸಹಜ. ಹಳೇ ಪದ್ಧತಿಯಲ್ಲಿ ತೂತಿಗೆ ರಷ್ಯನ್ ‘ಎ’ ಅಕ್ಷರ; ಅದು ಇಂದಿನ ಅಂತರರಾಷ್ಟ್ರೀಯ ಗುರುತಾದ ಎಚ್7ಗೆ ಹತ್ತಿರ. ಶಾಫ್ಟಿಗೆ ಬರೆಯುವ ಅಕ್ಷರಗಳಲ್ಲಿ ಒಂದು ರಷ್ಯನ್ ‘ಎನ್’. ಅದು ಕಾಣುವುದು ಥೇಟ್ ಇಂಗ್ಲಿಷಿನ ‘ಎಚ್’ ಹಾಗೆ. ತಪ್ಪಾಗುವುದು ಇಲ್ಲೇ. ನಮ್ಮ ಮೆಷಿನಿಸ್ಟ್ ಅದನ್ನು ‘ಎಚ್’ ಎಂದು ಓದಿ ಶಾಫ್ಟನ್ನು ಎಚ್6ಗೆ ಗ್ರೈಂಡ್ ಮಾಡುತ್ತಾನೆ. ಆ ಅಕ್ಷರದ ನಿಜವಾದ ಅರ್ಥ ಕೆ6ರ ಹತ್ತಿರದ ಬಿಗಿ ಫಿಟ್. 25 ಮಿ.ಮೀ. ಶಾಫ್ಟ್ ತೆಗೆದುಕೊಳ್ಳಿ. ಕೆ6 ಅಂದರೆ ಅಳತೆಗಿಂತ 2ರಿಂದ 15 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಹೆಚ್ಚು. ಎಚ್6 ಅಂದರೆ ಸೊನ್ನೆಯಿಂದ 13 ಮೈಕ್ರಾನ್ ಕಡಿಮೆ. ವರ್ನಿಯರ್ ಹಿಡಿದರೆ ಎರಡೂ 25 ಎಂದೇ ತೋರಿಸುತ್ತವೆ, ಜೋಡಿಸುವಾಗಲೂ ಗೇರು ಸಲೀಸಾಗಿ ಕೂರುತ್ತದೆ. ಹಡಗಿನಲ್ಲಿ ಕೆಲವು ನೂರು ಗಂಟೆ ಓಡಿದ ಮೇಲೆ ಗೇರಿನ ಬುಡದಲ್ಲಿ ತುಕ್ಕಿನ ಬಣ್ಣದ ನಯವಾದ ಪುಡಿ ಕಾಣುತ್ತದೆ. ಬಿಚ್ಚಿ ನೋಡಿದರೆ ಶಾಫ್ಟಿನ ಮೇಲೆ ಕನ್ನಡಿಯಂತೆ ಹೊಳೆಯುವ ಉಂಗುರ, ಕೀ-ವೇ (ಕೀ ಕೂರುವ ಕಾಲುವೆ) ಅಂಚು ಸುತ್ತಿಗೆಯಲ್ಲಿ ಹೊಡೆದಂತೆ ಉಬ್ಬಿರುತ್ತದೆ. ಗೇರು ಶಾಫ್ಟಿನ ಮೇಲೆ ಕೂದಲೆಳೆಗಿಂತ ಕಡಿಮೆ ಅಲುಗಾಡಿದ್ದಕ್ಕೇ ಇಷ್ಟು.

ಉಳಿದ ಅಕ್ಷರಗಳನ್ನೂ ಬರೆದಿಟ್ಟುಕೊಳ್ಳಿ. ನೋಡಲು ಇಂಗ್ಲಿಷ್ ‘ಸಿ’ ಹಾಗಿರುವುದು ಜಾರು ಫಿಟ್, ಎಚ್6. ‘ಎಕ್ಸ್’ ಹಾಗಿರುವುದು ತಿರುಗುವ ಫಿಟ್, ಎಫ್7. ‘ಟಿ’ ಎಂದರೆ ಎಂ6. ಅಕ್ಷರದ ಪಕ್ಕ ಅಂಕಿ ಇಲ್ಲದಿದ್ದರೆ ಎರಡನೇ ದರ್ಜೆ. 3 ಎಂದಿದ್ದರೆ ಒಂದು ಮೆಟ್ಟಿಲು ಸಡಿಲ.

ಹೊರಮೈ ನುಣುಪು. ನಮ್ಮಲ್ಲಿ ತ್ರಿಕೋನ ಎಷ್ಟಿವೆ ಎಂದು ಎಣಿಸಿ ಫಿನಿಶ್ ಹೇಳುವುದು ರೂಢಿ. ಹಳೇ ಸೋವಿಯತ್ ಡ್ರಾಯಿಂಗ್‌ನಲ್ಲಿ ತ್ರಿಕೋನ ಒಂದೇ, ಪಕ್ಕದಲ್ಲಿ ಅಂಕಿ. 6 ಎಂದರೆ ಆರ್ಎ (ಮೈಕ್ರಾನ್ ಲೆಕ್ಕದ ಸರಾಸರಿ ಒರಟುತನ) 2.5, 7 ಎಂದರೆ 1.25, 8 ಎಂದರೆ 0.63. ಒಂದು ತ್ರಿಕೋನ ನೋಡಿ ಒರಟು ಟರ್ನಿಂಗ್ ಸಾಕು ಎಂದುಕೊಂಡರೆ ಸೀಲ್ ಓಡುವ ಜಾಗ ಗರಗಸವಾಗುತ್ತದೆ.

ಈಗ ಓ-ರಿಂಗ್, ಸೋರದಂತೆ ತಡೆಯುವ ರಬ್ಬರ್ ಬಳೆ. ಡ್ರಾಯಿಂಗ್‌ನಲ್ಲಿ ‘025-030-30’ ಎಂದು ಶುರುವಾಗುವ ನಂಬರ್ ಇರುತ್ತದೆ. ಮೊದಲನೆಯದು ಶಾಫ್ಟಿನ ವ್ಯಾಸ 25, ಎರಡನೆಯದು ಅದು ಕೂರುವ ತೂತಿನ ವ್ಯಾಸ 30, ಮೂರನೆಯದನ್ನು ಹತ್ತರಿಂದ ಭಾಗಿಸಿದರೆ ರಬ್ಬರಿನ ದಪ್ಪ, 3.0 ಮಿ.ಮೀ. ಗಮನಿಸಿ, ಮೊದಲೆರಡು ಅಂಕಿಗಳು ರಿಂಗಿನ ಒಳ-ಹೊರ ವ್ಯಾಸಗಳಲ್ಲ, ರಿಂಗ್ ಕೂರುವ ಜಾಗದ ಅಳತೆ. 30ರಲ್ಲಿ 25 ಕಳೆದು ಅರ್ಧ ಮಾಡಿದರೆ ಜಾಗ 2.5 ಮಿ.ಮೀ. 3.0 ದಪ್ಪದ ರಬ್ಬರ್ ಅಲ್ಲಿ ಅರ್ಧ ಮಿ.ಮೀ. ಅದುಮಿಸಿಕೊಳ್ಳುತ್ತದೆ, ಅಂದರೆ ಶೇ 17ರಷ್ಟು. ಅದೇ ಸರಿಯಾದ ಹಿಡಿತ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಮೆರಿಕನ್ ಸೈಜುಗಳು 2.62 ಮತ್ತು 3.53. ಮೊದಲನೆಯದನ್ನು ಹಾಕಿದರೆ ಅದುಮುವುದು ಬರೀ 0.12, ಒತ್ತಡ ಬಂದ ಕೂಡಲೇ ಸೋರುತ್ತದೆ. ಎರಡನೆಯದು ಶೇ 29ರಷ್ಟು ಅದುಮಿಸಿಕೊಂಡು, ಶಾಫ್ಟ್ ಹಿಂದೆಮುಂದೆ ಓಡುವ ಕಡೆ ಬಿಸಿಯಾಗಿ ಕಚ್ಚಿಹೋಗುತ್ತದೆ. 3.0 ದಪ್ಪದ ಮೆಟ್ರಿಕ್ ರಿಂಗ್ ಮಾಡಿಸಿ, ಸ್ವಲ್ಪ ತಡವಾದರೂ ಪರವಾಗಿಲ್ಲ.

ಕೊನೆಗೆ ಲೋಹ. ‘12ಎಕ್ಸ್18ಎಚ್10ಟಿ’ ಎಂದು ಪೀಣ್ಯದಲ್ಲಿ ಓದುವ ಉಕ್ಕು ಈ ಹಡಗುಗಳಲ್ಲಿ ಬೇಕಾದಷ್ಟಿದೆ. ಆ ‘ಎಕ್ಸ್’ ಕ್ರೋಮಿಯಂ, ‘ಎಚ್’ ನಿಕ್ಕಲ್, ‘ಟಿ’ ಟೈಟಾನಿಯಂ. ಶೇ 0.12ರವರೆಗೆ ಇಂಗಾಲ, 18 ಕ್ರೋಮಿಯಂ, 10 ನಿಕ್ಕಲ್. ‘ಓಹೋ 18-10, ನಮ್ಮ 304 ಸ್ಟೇನ್‌ಲೆಸ್ ತಾನೆ’ ಎನ್ನುವವರು ಕೊನೆಯ ‘ಟಿ’ಯನ್ನು ಮರೆಯುತ್ತಾರೆ. ವೆಲ್ಡ್ ಮಾಡಿದಾಗ ಪಕ್ಕದ ಲೋಹ 450ರಿಂದ 850 ಡಿಗ್ರಿಯ ನಡುವೆ ಹಾದುಹೋಗುತ್ತದೆ. ಆಗ 304ರಲ್ಲಿ ಇಂಗಾಲ ಕ್ರೋಮಿಯಂ ಜೊತೆ ಸೇರಿ ಕಣಗಳ ಅಂಚಿನಲ್ಲಿ ಕೂರುತ್ತದೆ, ಅಂಚಿಗೆ ತುಕ್ಕು ತಡೆಯುವ ಕ್ರೋಮಿಯಂ ಉಳಿಯುವುದಿಲ್ಲ. ಉಪ್ಪುನೀರಿನಲ್ಲಿ ವೆಲ್ಡಿನ ಪಕ್ಕಕ್ಕೆ ಗೆರೆ ಎಳೆದಂತೆ ತಿನ್ನಿಸಿಕೊಳ್ಳುತ್ತದೆ. ಟೈಟಾನಿಯಂ ಇದ್ದರೆ ಇಂಗಾಲವನ್ನು ಅದೇ ಹಿಡಿದುಕೊಳ್ಳುತ್ತದೆ. ಇದಕ್ಕೆ ಸಮನಾದದ್ದು 321, 304 ಆಗುವುದಿಲ್ಲ. ಹಾಗೆಯೇ ‘38ಎಕ್ಸ್2’ ಎಂದು ಶುರುವಾಗುವ ಅಲ್ಯುಮಿನಿಯಂ ಬೆರೆತ ನೈಟ್ರೈಡಿಂಗ್ (ನೈಟ್ರೋಜನ್ ಸೇರಿಸಿ ಹೊರಮೈ ಗಡಸು ಮಾಡುವ) ಉಕ್ಕಿಗೆ ಹತ್ತಿರದ್ದು ಇಎನ್41ಬಿ. ಇಎನ್24 ಕೈಗೆ ಸಿಕ್ಕಿತೆಂದು ಹಾಕಿ ನೈಟ್ರೈಡ್ ಮಾಡಿಸಿದರೆ 900 ವಿಕರ್ಸ್ ದಾಟುವ ಗಡಸು ಬರುವುದೇ ಇಲ್ಲ. ಬರೀ ‘45’ ಎಂದಿದ್ದರೆ ಸಿ-45.

ಬಾರ್ ತಂದಾಗ ಕೈಯಲ್ಲಿ ಹಿಡಿಯುವ, ಎಕ್ಸ್-ರೇಯಿಂದ ಲೋಹದ ಬೆರಕೆ ತೋರಿಸುವ ಎಕ್ಸ್‌ಆರ್‌ಎಫ್ ಗನ್ ಹಚ್ಚಿ ನೋಡುತ್ತೀರಿ, ಒಳ್ಳೆಯದೇ. ಟೈಟಾನಿಯಂ ಇದೆಯೋ ಇಲ್ಲವೋ ಅದು ಹೇಳುತ್ತದೆ, 321ರ ಜಾಗಕ್ಕೆ 304 ನುಸುಳಿದ್ದು ಸಿಕ್ಕಿಬೀಳುತ್ತದೆ. ಇಂಗಾಲವನ್ನು ಮಾತ್ರ ಅದು ಕಾಣಲಾರದು. ಇಂಗಾಲದಲ್ಲಷ್ಟೇ ಬೇರೆಯಾದ 316 ಮತ್ತು 316ಎಲ್ ಅದರ ಕಣ್ಣಿಗೆ ಒಂದೇ. ಇಂಗಾಲ ಮುಖ್ಯವಾದ ಕಡೆ ಲ್ಯಾಬ್‌ನಲ್ಲಿ ಸ್ಪೆಕ್ಟ್ರೋ ಮಾಡಿಸಿ.

ಮಲ್ಲೇಶ್ವರದಿಂದ ಒಬ್ಬ ಇತಿಹಾಸಾಸಕ್ತರು: ಸೋವಿಯತ್ ಒಕ್ಕೂಟ ಒಡೆದ ಮೇಲೆ ಬಿಡಿಭಾಗಕ್ಕೆ ತತ್ವಾರ ಬಂತೆಂದು ಕೇಳಿದ್ದೇನೆ. ಹಡಗು ಕೊಡುವಾಗಲೇ ಸಾಕಷ್ಟು ಸ್ಪೇರ್ ಕೊಟ್ಟಿರಲಿಲ್ಲವೇ?

ಕೊಡುತ್ತಾರೆ, ಎರಡು ಪಾಲಾಗಿ. ಒಂದು ಪಾಲು ಹಡಗಿನ ಸ್ಟೋರ್‌ನಲ್ಲೇ ಇರುತ್ತದೆ, ಸಮುದ್ರದ ನಡುವೆ ಸಿಬ್ಬಂದಿ ತಾವೇ ಬದಲಿಸಬಹುದಾದ ಭಾಗಗಳು. ಇನ್ನೊಂದು ಪಾಲು ದಡದ ಡಿಪೋದಲ್ಲಿ, ಡಾಕ್‌ಯಾರ್ಡ್ ರಿಪೇರಿಗೆ. ಯಾವುದು ಎಷ್ಟು ಎಂಬ ಪಟ್ಟಿಯನ್ನು ತಯಾರಕರೇ ಬರೆದುಕೊಡುತ್ತಾರೆ. ಆ ಪಟ್ಟಿ ಅವರ ನೀರಿನ ಅನುಭವದ್ದು. ಹಡಗು ಹುಟ್ಟಿದ ಕಪ್ಪು ಸಮುದ್ರದ ಮೇಲ್ನೀರಿನಲ್ಲಿ ಕಿಲೋಗೆ ಸುಮಾರು 18 ಗ್ರಾಂ ಉಪ್ಪು. ಅರಬ್ಬಿ ಸಮುದ್ರದಲ್ಲಿ 36ರ ಆಸುಪಾಸು, ಅದೂ ವರ್ಷವಿಡೀ ಬೆಚ್ಚಗಿನ ನೀರು. ಉಪ್ಪುನೀರಿನ ಪಂಪು, ಕೂಲರ್ ಕೊಳವೆ, ವಾಲ್ವ್ ಸೀಟು ಬೇಗ ಮುಗಿಯುತ್ತವೆ. ಪಟ್ಟಿಯಲ್ಲಿ ಉಳಿದ ಸಾಮಾನು ಬೇಕಾದಷ್ಟು ಕೂತಿರುತ್ತದೆ, ಬೇಕಾದದ್ದು ಮಾತ್ರ ಇರುವುದಿಲ್ಲ.

1991ರವರೆಗೆ ಬೇಡಿಕೆ ಹೋಗುತ್ತಿದ್ದದ್ದು ಒಂದೇ ದೇಶಕ್ಕೆ, ವ್ಯವಹಾರ ರೂಪಾಯಿ-ರೂಬಲ್ ಲೆಕ್ಕದಲ್ಲಿ. ಆಮೇಲೆ ಆ ಒಂದು ದೇಶ ಹದಿನೈದಾಯಿತು. ಹಡಗುಕಟ್ಟೆ ಮತ್ತು ಗ್ಯಾಸ್ ಟರ್ಬೈನ್ ಕಾರ್ಖಾನೆ ಉಕ್ರೇನಿನ ಪಾಲಿಗೆ, ಕ್ಷಿಪಣಿ-ತೋಪಿನ ಕಾರ್ಖಾನೆಗಳು ಬಹುಪಾಲು ರಷ್ಯಕ್ಕೆ. ಹಣ ಡಾಲರಿನಲ್ಲಿ. ಒಂದು ಭಾಗಕ್ಕೆ ಎರಡು ದೇಶದ ಉಪಭಾಗ ಬೇಕಾದರೆ ಎರಡು ಕಡೆ ಪತ್ರ, ಎರಡು ಪರವಾನಗಿ. ಐದೇ ಹಡಗಿಗೆ ಬೇಕಾದ ಹತ್ತು ತುಂಡಿಗಾಗಿ ಹಳೇ ಅಚ್ಚನ್ನು ಮತ್ತೆ ಹೊರತೆಗೆಯಲು ಯಾವ ಕಾರ್ಖಾನೆಗೂ ಮನಸ್ಸಿರುವುದಿಲ್ಲ. 2022ರಲ್ಲಿ ಯುದ್ಧ ಶುರುವಾದ ಮೇಲೆ ಮಿಕೊಲಾಯಿವ್ ನಗರವೇ ದಾಳಿಗೆ ಸಿಕ್ಕಿತು. ನಮ್ಮ ಹೊಸ ಡೆಸ್ಟ್ರಾಯರ್‌ಗಳ ಟರ್ಬೈನೂ ಅದೇ ಊರಿನದು.

ಇಂಥ ಹೊತ್ತಿನಲ್ಲಿ ರಿಫಿಟ್‌ಗೆ ನಿಂತ ಹಡಗಿನಿಂದ ಭಾಗ ಕಿತ್ತು ಹೊರಡುವ ಹಡಗಿಗೆ ಹಾಕುವುದುಂಟು. ತುರ್ತಿಗೆ ಬೇರೆ ದಾರಿ ಇಲ್ಲದಿರಬಹುದು, ಆದರೆ ಬೆಲೆ ತೆರಲೇಬೇಕು. ಒಂದು ಸಲ ಬದಲಿಸುವ ಕಡೆ ಮೂರು ಸಲ ಬಿಚ್ಚಿ ಜೋಡಿಸಬೇಕಾಗುತ್ತದೆ: ಕೆಟ್ಟದ್ದನ್ನು ತೆಗೆಯುವುದು, ಒಳ್ಳೆಯದನ್ನು ಅಲ್ಲಿಂದ ಕೀಳುವುದು, ಮುಂದೆ ಹೊಸದು ಬಂದಾಗ ಖಾಲಿ ಜಾಗ ತುಂಬುವುದು. ಪ್ರತಿ ಸಲವೂ ಗ್ಯಾಸ್ಕೆಟ್, ಲಾಕ್ ವಾಷರ್, ಓ-ರಿಂಗ್ ಹೊಸದೇ ಬೇಕು. ಹಳೇ ವೈರಿನ ತುದಿ ಮುರಿಯುವುದೂ ಆಗಲೇ.

ಜಾಲಹಳ್ಳಿಯಿಂದ ಎಂಜಿನಿಯರಿಂಗ್ ವಿದ್ಯಾರ್ಥಿನಿ: ಈ ಹಡಗುಗಳ ಗ್ಯಾಸ್ ಟರ್ಬೈನ್ ಕೆಟ್ಟರೆ ಹಡಗಿನಲ್ಲೇ ರಿಪೇರಿ ಮಾಡುತ್ತಾರೆಯೇ? ಅದು ಕೆಡುವುದಾದರೂ ಏಕೆ?

61ನೇ ಪ್ರಾಜೆಕ್ಟ್ ಹಡಗುಗಳು ಬರೀ ಗ್ಯಾಸ್ ಟರ್ಬೈನ್ ನಂಬಿ ಓಡಿದ ಮೊದಲ ದೊಡ್ಡ ಯುದ್ಧನೌಕೆಗಳು. ನಾಲ್ಕು ಟರ್ಬೈನ್, ಎರಡು ಶಾಫ್ಟ್, ಒಟ್ಟು 72,000 ಅಶ್ವಶಕ್ತಿ. ನಿಧಾನ ಓಟಕ್ಕೆಂದು ಬೇರೆ ಡೀಸೆಲ್ ಎಂಜಿನ್ ಇಲ್ಲ.

ರಂಜಿತ್‌ನ ಸೇವೆ ಮುಗಿದಾಗ ನೌಕಾಪಡೆ ಕೊಟ್ಟ ಲೆಕ್ಕ: 2,190 ದಿನ ಯಾನ, 7,43,000 ನಾಟಿಕಲ್ ಮೈಲಿಗೂ ಹೆಚ್ಚು. ಭಾಗಿಸಿ ನೋಡಿ. ದಿನಕ್ಕೆ ಸುಮಾರು 340 ಮೈಲಿ, ಅಂದರೆ ಸರಾಸರಿ 14 ನಾಟ್. ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆಂದು ಒರಟಾಗಿ ಹಿಡಿದರೆ, 35 ನಾಟ್ ಓಡಬಲ್ಲ ಹಡಗಿಗೆ 14 ನಾಟ್‌ನಲ್ಲಿ ಬೇಕಾಗುವುದು ಪೂರ್ಣ ಶಕ್ತಿಯ ಶೇ 6ರಿಂದ 7 ಮಾತ್ರ. ನಾಲ್ಕರಲ್ಲಿ ಒಂದು ಟರ್ಬೈನ್, ಅದೂ ಕಾಲು ಭಾಗದ ಹೊರೆಯಲ್ಲಿ, ಸಾಕು. ಇನ್ನೊಂದು ಲೆಕ್ಕವೂ ಇದೆ. 35 ವರ್ಷ ಎಂಟು ತಿಂಗಳ ಸೇವೆಯಲ್ಲಿ 2,190 ದಿನ ಎಂದರೆ ಆರರಲ್ಲಿ ಒಂದು ದಿನ. ಮಿಕ್ಕ ಐದು ದಿನ ಹಡಗು ಬಂದರಿನಲ್ಲೋ ರಿಫಿಟ್‌ನಲ್ಲೋ ಇತ್ತು, ಉಪ್ಪುಗಾಳಿ ಕುಡಿಯುತ್ತಾ. ಓಡದೆ ನಿಂತ ಯಂತ್ರಕ್ಕೂ ಸ್ಪೇರ್ ಬೇಕಾಗುತ್ತದೆ ಎನ್ನುವುದನ್ನು ಪುಸ್ತಕದಲ್ಲಿ ಓದಿದವರು ನಂಬುವುದಿಲ್ಲ, ಡಾಕ್‌ಯಾರ್ಡ್‌ನವರಿಗೆ ಅದು ದಿನದ ಮಾತು.

ಕೆಡುವ ಬಗೆ ಹೀಗೆ. ಗಾಳಿಯ ಜೊತೆ ಬಂದ ಉಪ್ಪು ಕಂಪ್ರೆಸರ್ ಬ್ಲೇಡಿನ ಮೇಲೆ ಪೊರೆಯಾಗುತ್ತದೆ. ಒಳಬರುವ ಗಾಳಿ ಕಡಿಮೆಯಾಗಿ, ಅಷ್ಟೇ ಶಕ್ತಿ ಪಡೆಯಲು ಹೆಚ್ಚು ಇಂಧನ ಸುಡಬೇಕು, ಟರ್ಬೈನಿನ ಬಿಸಿ ಏರುತ್ತದೆ. ಬಿಸಿ ಭಾಗ ತಲುಪಿದ ಉಪ್ಪು, ಡೀಸೆಲಿನ ಗಂಧಕದ ಜೊತೆ ಸೇರಿ ಸೋಡಿಯಂ ಸಲ್ಫೇಟ್ ಆಗುತ್ತದೆ. 850ರಿಂದ 950 ಡಿಗ್ರಿಯಲ್ಲಿ ಅದು ಕರಗಿ ಬ್ಲೇಡಿನ ರಕ್ಷಣಾ ಪದರವನ್ನೇ ತಿನ್ನುತ್ತದೆ. 650-750ರಲ್ಲಿ ಗುಳಿ ಬೀಳಿಸುತ್ತದೆ. ಕಡಿಮೆ ಹೊರೆಯಲ್ಲಿ ಓಡಿಸಿದರೆ ಬ್ಲೇಡಿಗೆ ಸುಖ ಎನ್ನುವ ನಂಬಿಕೆ ಅದಕ್ಕೇ ಪೂರ್ತಿ ನಿಜವಲ್ಲ.

ಹಡಗಿನಲ್ಲೇ ಮಾಡುವ ಕೆಲಸದಲ್ಲಿ ಮುಖ್ಯವಾದದ್ದು ತೊಳೆಯುವುದು. ಎಂಜಿನ್ ತಣ್ಣಗಾಗುವವರೆಗೆ ಕಾಯಬೇಕು. ಬಿಸಿ ಕೇಸಿಂಗ್ ಮೇಲೆ ತಣ್ಣೀರು ಬಿದ್ದರೆ ಅದು ಕುಗ್ಗಿ ಬ್ಲೇಡಿನ ತುದಿಗೆ ಉಜ್ಜುತ್ತದೆ. ಇಂಧನ ಬಂದ್ ಮಾಡಿ ಸ್ಟಾರ್ಟರ್‌ನಿಂದ ಸುಮ್ಮನೆ ತಿರುಗಿಸುತ್ತಾ ಖನಿಜ ತೆಗೆದ ನೀರು ಮತ್ತು ಡಿಟರ್ಜೆಂಟ್ ಚಿಮುಕಿಸಿ, ನೆನೆಯಲು ಬಿಟ್ಟು, ಬರೀ ನೀರಿನಿಂದ ಮತ್ತೆ ತೊಳೆದು, ಕೊನೆಗೆ ಎಂಜಿನ್ ಹಚ್ಚಿ ಒಣಗಿಸಬೇಕು. ನಲ್ಲಿ ನೀರು ಕೂಡದು, ಅದರ ಸುಣ್ಣ ಬ್ಲೇಡಿಗೇ ಕೂರುತ್ತದೆ. ಬೋರ್‌ಸ್ಕೋಪ್ ತೂರಿಸಿ ಒಳಗೆ ನೋಡುವುದು, ಇಂಧನ ನಾಝಲ್ ಬದಲಿಸುವುದು, ಬಿಸಿ ಅಳೆಯುವ ಥರ್ಮೋಕಪಲ್ ಬದಲಿಸುವುದು ಇವೂ ಹಡಗಿನಲ್ಲೇ ಆಗುತ್ತವೆ. ಸುತ್ತಲಿನ ಥರ್ಮೋಕಪಲ್‌ಗಳಲ್ಲಿ ಒಂದೆರಡು ಮಾತ್ರ ಬೇರೆ ಬಿಸಿ ತೋರಿಸಿದರೆ ಮೊದಲು ಅನುಮಾನಿಸಬೇಕಾದದ್ದು ಕಟ್ಟಿಕೊಂಡ ನಾಝಲನ್ನು.

ಬ್ಲೇಡ್, ಬೇರಿಂಗ್ ಕೆಲಸವಾದರೆ ಎಂಜಿನ್ ಇಡಿಯಾಗಿ ಹೊರಕ್ಕೆ. ಗಾಳಿ-ಹೊಗೆಯ ದೊಡ್ಡ ಕೊಳವೆ ದಾರಿಗಳು ಇದಕ್ಕೂ ಅನುಕೂಲ. ಓವರ್‌ಹಾಲ್ ಆದ ಬೇರೊಂದು ಎಂಜಿನ್ ಕೂರಿಸಿ ಹಡಗು ಹೊರಡುತ್ತದೆ. ತೆಗೆದದ್ದು ವಿಶಾಖಪಟ್ಟಣದ ಐಎನ್‌ಎಸ್ ಏಕಶಿಲಾದಂಥ ನೆಲೆಗೆ ಹೋಗುತ್ತದೆ. ನೌಕಾಪಡೆಯ ಗ್ಯಾಸ್ ಟರ್ಬೈನ್ ಓವರ್‌ಹಾಲ್ ಕೇಂದ್ರ ಅದು. ಅಲ್ಲಿ ಬ್ಲೇಡುಗಳಿಗೆ ಬಣ್ಣದ ದ್ರವ ಹಚ್ಚಿ ಬಿರುಕು ನೋಡಿ, ಒಂದೊಂದನ್ನೂ ತೂಗಿ, ಸಮತೂಕದವನ್ನು ಎದುರುಬದುರು ಕೂರಿಸುತ್ತಾರೆ. ಸೀಲು, ಲಾಕಿಂಗ್ ತಗಡುಗಳು ಎಷ್ಟೇ ಚೆನ್ನಾಗಿ ಕಂಡರೂ ಹೊಸದೇ.

ಯಲಹಂಕದಿಂದ: ಡೆಸ್ಟ್ರಾಯರ್‌ಗಳ ಎಂಜಿನ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತದಂತೆ, ನಿಜವೇ?

ಸ್ವಲ್ಪ ಕಲಸಿಹೋಗಿದೆ. ಎಚ್‌ಎಎಲ್‌ನ ಕೈಗಾರಿಕಾ ಮತ್ತು ನೌಕಾ ಗ್ಯಾಸ್ ಟರ್ಬೈನ್ ವಿಭಾಗ ಬೆಂಗಳೂರಿನಲ್ಲಿದೆ. ಅಲ್ಲಿ ನಡೆಯುವುದು ಅಮೆರಿಕನ್ ಮೂಲದ ಎಲ್‌ಎಂ2500 ಕೆಲಸ. ಆ ಎಂಜಿನ್ ಇರುವುದು ಶಿವಾಲಿಕ್ ವರ್ಗದ ಫ್ರಿಗೇಟ್‌ಗಳಲ್ಲಿ ಮತ್ತು ವಿಮಾನವಾಹಕ ವಿಕ್ರಾಂತ್‌ನಲ್ಲಿ. ನಮ್ಮ ಡೆಸ್ಟ್ರಾಯರ್‌ಗಳು ರಜಪೂತ್‌ನಿಂದ ಇತ್ತೀಚಿನ ವಿಶಾಖಪಟ್ಟಣಂ ವರ್ಗದವರೆಗೂ ಉಕ್ರೇನ್ ಟರ್ಬೈನಿನವೇ. ಡೆಸ್ಟ್ರಾಯರ್‌ಗಳಲ್ಲಿ ಬೆಂಗಳೂರಿನ ಕೈಚಳಕ ಕಾಣಬೇಕಾದರೆ ಎಂಜಿನ್ ಕೋಣೆ ಬಿಟ್ಟು ಮೇಲೆ ನೋಡಿ. ದೂರದ ವಿಮಾನ ಗುರುತಿಸುವ ಆರ್‌ಎಡಬ್ಲ್ಯುಎಲ್-02 ರೇಡಾರ್ ಬಿಇಎಲ್‌ನದು.

ಚಾಮರಾಜಪೇಟೆಯಿಂದ: ಐಎನ್‌ಎಸ್ ಮೈಸೂರು ಕೂಡ ಇದೇ ವರ್ಗದ್ದೇ?

ಅಲ್ಲ. ಅದು ಮುಂಬೈನ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಡೆಲ್ಲಿ ವರ್ಗದ್ದು, 1999ರ ಜೂನ್ 2ರಂದು ಸೇವೆಗೆ ಬಂತು. ಲಾಂಛನ ನಮ್ಮ ಗಂಡಭೇರುಂಡ, ಧ್ಯೇಯವಾಕ್ಯ ‘ನ ಬಿಭೇತಿ ಕದಾಚನ’. ಇದೇ ಹೆಸರಿನ ಹಿಂದಿನ ಕ್ರೂಸರ್ 1957ರಿಂದ 1985ರವರೆಗೆ ಇತ್ತು.

ರಾಜಾಜಿನಗರ ಕೈಗಾರಿಕಾ ಬಡಾವಣೆಯಿಂದ: ಉಪ್ಪುನೀರಿನ ಪಂಪಿನ ಹಳೇ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಸ್ಯಾಂಪಲ್ ಕೊಟ್ಟು ಹಾಗೇ ಮಾಡಿಕೊಡಿ ಎಂದಿದ್ದಾರೆ. ಡ್ರಾಯಿಂಗ್ ಇಲ್ಲ.

‘ಹಾಗೇ’ ಮಾಡಿದರೆ ಸವೆತವನ್ನೂ ನಕಲು ಮಾಡಿದಂತಾಗುತ್ತದೆ. ಸವೆತದ ಉಂಗುರ (ವೇರ್ ರಿಂಗ್) ಕೂರುವ ವ್ಯಾಸವನ್ನು ಸ್ಯಾಂಪಲ್‌ನಿಂದ ಅಳೆಯಬೇಡಿ. ಕೇಸಿಂಗ್ ಕಡೆಯ ಹೊಸ ಉಂಗುರದ ಅಳತೆ ಕೇಳಿ ಪಡೆದು, ಅದರಿಂದ ತೆರಪು ಕಳೆಯಿರಿ. ಸಾಮಾನ್ಯ ಕೈಗಾರಿಕಾ ಪಂಪುಗಳಲ್ಲಿ 150 ಮಿ.ಮೀ. ವ್ಯಾಸಕ್ಕೆ ಒಟ್ಟು 0.4ರಿಂದ 0.5 ಮಿ.ಮೀ. ಇರುತ್ತದೆ, ಆದರೆ ಕೊನೆಯ ಮಾತು ಆರ್ಡರ್ ಕೊಟ್ಟವರದು. ತೂತನ್ನು ಎರಡು ದಿಕ್ಕಿನಲ್ಲಿ ಅಳೆದು ಅಂಡಾಕಾರವಾಗಿದೆಯೇ ನೋಡಿ. ರೆಕ್ಕೆಯ ದಪ್ಪವನ್ನು ಬುಡದ ಹತ್ತಿರ ತೆಗೆದುಕೊಳ್ಳಿ, ತುದಿ ಸವೆದೇ ಇರುತ್ತದೆ. ಸಾಧ್ಯವಾದರೆ ಎರಡು ಸ್ಯಾಂಪಲ್ ಕೇಳಿ.

ಲೋಹವನ್ನು ಬಣ್ಣ ನೋಡಿ ನಿರ್ಧರಿಸಬೇಡಿ. ಗನ್‌ಮೆಟಲ್, ಹಿತ್ತಾಳೆ, ಅಲ್ಯುಮಿನಿಯಂ ಬ್ರಾಂಜ್ ಮೂರೂ ಹಳದಿಯೇ. ಹಿತ್ತಾಳೆ ಹಾಕಿದರೆ ಉಪ್ಪುನೀರು ಅದರ ಸತುವನ್ನು ಹೀರಿ, ಆಕಾರ ಹಾಗೇ ಇದ್ದರೂ ಒಳಗೆ ನಸುಗೆಂಪು ಸ್ಪಂಜಿನಂಥ ತಾಮ್ರ ಉಳಿಯುತ್ತದೆ, ಉಗುರಿನಲ್ಲಿ ಕೆರೆದರೆ ಉದುರುವಷ್ಟು. ನಿಕ್ಕಲ್ ಅಲ್ಯುಮಿನಿಯಂ ಬ್ರಾಂಜ್ ಎಂದಿದ್ದರೆ ಫೌಂಡ್ರಿಯವರಿಗೆ ಎರಡು ಮಾತು ಹೇಳಿ: ಪ್ಯಾಟರ್ನ್‌ಗೆ ಸುಮಾರು ಶೇ 2 ಕುಗ್ಗುವಿಕೆ ಬಿಡಬೇಕು, ಗನ್‌ಮೆಟಲ್ ಪ್ಯಾಟರ್ನನ್ನೇ ಬಳಸಿದರೆ ಇಂಪೆಲ್ಲರ್ ಚಿಕ್ಕದಾಗುತ್ತದೆ, ಲೋಹವನ್ನು ಅಚ್ಚಿನ ಕೆಳಗಿನಿಂದ ನಿಧಾನ ತುಂಬಿಸಬೇಕು, ಮೇಲಿಂದ ಸುರಿದರೆ ಅಲ್ಯುಮಿನಿಯಂ ಆಕ್ಸೈಡಿನ ಕೆನೆ ಒಳಗೇ ಮಡಚಿಕೊಂಡು ಅಲ್ಲೇ ಬಿರುಕು ಬಿಡುತ್ತದೆ. ಮೆಷಿನಿಂಗ್ ಆದ ಮೇಲೆ ಬಣ್ಣದ ದ್ರವದಿಂದ ಬಿರುಕು ನೋಡುವ ಡೈ ಪೆನೆಟ್ರೆಂಟ್ ಪರೀಕ್ಷೆ, ಜಿ6.3 ದರ್ಜೆಯ ಬ್ಯಾಲೆನ್ಸಿಂಗ್. ಬ್ಯಾಲೆನ್ಸ್‌ಗೆ ತೂತು ಕೊರೆಯದೆ ಹೊರತಟ್ಟೆಯ ಬೆನ್ನನ್ನು ತೆಳುವಾಗಿ ಕೆರೆಯಿರಿ.

ಬಾರ್ ಅಥವಾ ಎರಕ ಯಾವುದೇ ಇರಲಿ, ಕತ್ತರಿಸುವ ಮೊದಲು ಹೀಟ್ ನಂಬರನ್ನು (ಲೋಹ ಕರಗಿಸಿದ ಆ ಸರದಿಯ ಗುರುತು) ಪ್ರತಿ ತುಂಡಿಗೂ ಪಂಚ್ ಮಾಡಿ. ಟೆಸ್ಟ್ ಸರ್ಟಿಫಿಕೇಟ್ ಇದ್ದೂ ತುಂಡಿನ ಮೇಲೆ ನಂಬರ್ ಇಲ್ಲದ ಮಾಲನ್ನು ಇನ್‌ಸ್ಪೆಕ್ಟರ್ ಮುಟ್ಟುವುದಿಲ್ಲ, ಅದು ಸರಿಯೇ. ಯಾವ ಭಾಗ ಯಾವ ಲೋಹದ್ದೆಂದು ಹತ್ತು ವರ್ಷ ಬಿಟ್ಟು ಹೇಳಬಲ್ಲದ್ದು ಆ ಗುರುತೊಂದೇ.

ಪೀಣ್ಯದಿಂದ ಇನ್ನೊಬ್ಬರು: ನೌಕಾಪಡೆಗೆ ಸಪ್ಲೈ ಶುರುಮಾಡುವುದು ಹೇಗೆ? ಏಜೆಂಟರ ಮೂಲಕವೇ ಹೋಗಬೇಕೆ?

ಬೇಕಿಲ್ಲ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪಟ್ಟಿ) ನೋಂದಣಿ, ಜಿಇಎಂ (ಸರ್ಕಾರದ ಆನ್‌ಲೈನ್ ಖರೀದಿ ತಾಣ) ನೋಂದಣಿ ಮೊದಲು ಮಾಡಿಕೊಳ್ಳಿ. 2020ರಲ್ಲಿ ಶುರುವಾದ ಸೃಜನ್ ಪೋರ್ಟಲ್‌ನಲ್ಲಿ ರಕ್ಷಣಾ ಪಡೆಗಳು ದೇಶದಲ್ಲೇ ಮಾಡಿಸಬಯಸುವ ಆಮದು ಭಾಗಗಳ ಪಟ್ಟಿ ಇದೆ. ನಿಮ್ಮ ಮೆಷಿನಿಗೆ ಹೊಂದುವಂಥದ್ದನ್ನು ಹುಡುಕಿ ಆಸಕ್ತಿ ತಿಳಿಸಬಹುದು. ಸಣ್ಣ ಉದ್ಯಮಗಳಿಗೆ ಟೆಂಡರ್ ಠೇವಣಿಯಿಂದ ವಿನಾಯಿತಿ ಇದೆ. ಮೊದಲ ಆರ್ಡರ್‌ಗೆ ದೊಡ್ಡದಕ್ಕೆ ಕೈ ಹಾಕಬೇಡಿ. ಫ್ಲ್ಯಾಂಜ್, ಸ್ಲೀವ್, ಬೋಲ್ಟ್ ಮಾಡಿ ಕಾಗದಪತ್ರದ ಶಿಸ್ತು ಕಲಿಯಿರಿ. ದರ ಹಾಕುವಾಗ ಲ್ಯಾಬ್ ಪರೀಕ್ಷೆ, ಮೊದಲ ಮಾದರಿಯ ಖರ್ಚು, ಇನ್‌ಸ್ಪೆಕ್ಷನ್‌ಗೆ ಕಾಯುವ ದಿನ ಎಲ್ಲವನ್ನೂ ಸೇರಿಸಿ. ಐದು ತುಂಡಿನ ಆರ್ಡರ್‌ನಲ್ಲಿ ಲೋಹಕ್ಕಿಂತ ಪರೀಕ್ಷೆಯೇ ದುಬಾರಿಯಾಗುವುದುಂಟು. ಅದನ್ನು ಮರೆತವರು ನಷ್ಟ ಮಾಡಿಕೊಂಡು ಎರಡನೇ ಸಲ ಬರುವುದಿಲ್ಲ, ಹಡಗಿಗೆ ಸ್ಪೇರೂ ಇಲ್ಲವಾಗುತ್ತದೆ.

ಕಾಮಾಕ್ಷಿಪಾಳ್ಯದಿಂದ ರಬ್ಬರ್ ಭಾಗ ತಯಾರಕರು: ನಾವು ಕೊಟ್ಟ ನೈಟ್ರೈಲ್ ಸೀಲುಗಳನ್ನು ಹಳೆಯದೆಂದು ತಿರಸ್ಕರಿಸಿದ್ದಾರೆ. ಒಂದೂ ಬಳಸಿಲ್ಲ, ಪ್ಯಾಕೆಟ್ಟೂ ಒಡೆದಿಲ್ಲ.

ರಬ್ಬರಿನ ವಯಸ್ಸು ಎಣಿಸುವುದು ಬಳಸಿದ ದಿನದಿಂದಲ್ಲ, ಅಚ್ಚಿನಲ್ಲಿ ಬಿಸಿಮಾಡಿ ಗಟ್ಟಿಗೊಳಿಸಿದ, ಅಂದರೆ ಕ್ಯೂರ್ ಮಾಡಿದ ದಿನದಿಂದ. ಐಎಸ್‌ಒ 2230 ಪ್ರಕಾರ ನೈಸರ್ಗಿಕ ರಬ್ಬರಿಗೆ 5 ವರ್ಷ, ನೈಟ್ರೈಲ್ ಮತ್ತು ನಿಯೋಪ್ರೀನ್‌ಗೆ 7, ವಿಟಾನ್, ಸಿಲಿಕೋನ್, ಇಪಿಡಿಎಂಗೆ 10. ಪರೀಕ್ಷಿಸಿ ಪಾಸಾದರೆ ಕ್ರಮವಾಗಿ 2, 3, 5 ವರ್ಷ ವಿಸ್ತರಣೆ. ಆರ್ಡರ್‌ನಲ್ಲಿ ಸಾಮಾನ್ಯವಾಗಿ ‘ಸಪ್ಲೈ ಹೊತ್ತಿಗೆ ಇಷ್ಟು ಆಯಸ್ಸು ಉಳಿದಿರಬೇಕು’ ಎಂಬ ಷರತ್ತೂ ಇರುತ್ತದೆ, ನಿಮ್ಮದರಲ್ಲಿ ಅದನ್ನು ಮೊದಲು ಹುಡುಕಿ. ಸ್ಟಾಕ್ ಇಟ್ಟು ಮಾರುವ ಬದಲು ಆರ್ಡರ್ ಬಂದ ಮೇಲೆ ಅಚ್ಚಿಗೆ ಹಾಕುವುದೇ ಈ ವ್ಯಾಪಾರಕ್ಕೆ ಸರಿ. ಗೋದಾಮಿನಲ್ಲಿ 25 ಡಿಗ್ರಿ ದಾಟದ ಮೂಲೆ, ಬೆಳಕು ತಾಗದ ಚೀಲ. ವೆಲ್ಡಿಂಗ್ ಮೆಷಿನ್, ಮೋಟರ್‌ಗಳ ಹತ್ತಿರ ಬೇಡ, ಅವುಗಳ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಸೀಳುತ್ತದೆ. ಮೊಳೆಗೆ ನೇತುಹಾಕಬೇಡಿ, ನೇತಾಡಿದ ರಿಂಗ್ ಮೊಟ್ಟೆಯಾಕಾರಕ್ಕೆ ಬರುತ್ತದೆ. ಪ್ರತಿ ಚೀಲದ ಮೇಲೂ ಭಾಗದ ನಂಬರ್, ರಬ್ಬರಿನ ಜಾತಿ, ಬ್ಯಾಚ್, ಕ್ಯೂರ್ ಆದ ತಿಂಗಳು-ವರ್ಷ ಅಚ್ಚಾಗಿರಲಿ. ನೂರು ರಿಂಗನ್ನು ಒಂದೇ ಚೀಲದಲ್ಲಿ ತುಂಬಬೇಡಿ, ಒಂದೊಂದಕ್ಕೂ ಒಂದೊಂದು ಚೀಲ.